ವಿಷಯ: ‘ಪೆಟಿಂಗ್ ಝೂ’ಗೆ ಕನ್ನಡದಲ್ಲಿ ಏನನ್ನಬೇಕು? ಬೋರ್ಡು ಬರೆಸಬೇಕು, ಅರ್ಜೆಂಟು

ಎಲ್ಲರಿಗೂ ನಮಸ್ಕಾರ. ಕನಕಪುರದ ಕಡೆ ನಮ್ಮ ಮಾವನ ತೋಟವಿದೆ. ಅಲ್ಲಿ ಏಳೆಂಟು ಮೇಕೆ, ಕುರಿಮರಿ, ಒಂದು ಮಲೆನಾಡು ಗಿಡ್ಡ ಹಸು, ಮೊಲ, ಬಾತುಕೋಳಿ, ಗಿನಿಹಂದಿ ಇವೆ. ಭಾನುವಾರ ಬಂತೆಂದರೆ ಬೆಂಗಳೂರಿನವರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಮಕ್ಕಳು ಮೇಕೆಯ ಮೈ ಸವರಬಹುದು, ಸೊಪ್ಪು ತಿನ್ನಿಸಬಹುದು, ಮೊಲವನ್ನು ತೊಡೆ ಮೇಲೆ ಇಟ್ಟುಕೊಂಡು ಕೂರಬಹುದು. ಅಷ್ಟೇ. ಪೇಂಟರ್ ಇಂಗ್ಲಿಷ್ ಹೆಸರನ್ನೇ ಕನ್ನಡ ಅಕ್ಷರದಲ್ಲಿ ‘ಪೆಟ್ಟಿಂಗ್ ಜೂ’ ಎಂದು ಬರೆದಿಟ್ಟ. ನಮ್ಮತ್ತೆ ಅದನ್ನು ಓದಿ, ಪೆಟ್ಟು ಯಾರಿಗೆ, ಮಕ್ಕಳಿಗಾ ಮೇಕೆಗಾ ಎಂದು ಕೇಳಿದರು. ನಾಳೆ ಸಂಜೆಯೊಳಗೆ ಬೇರೆ ಹೆಸರು ಕೊಡಬೇಕು. ‘ಮುದ್ದು ಮೃಗಾಲಯ’ ಆಗುತ್ತಾ?

ಉತ್ತರ (ಮೈಸೂರು)

ಆಗುವುದಿಲ್ಲ. ಕನ್ನಡದ ‘ಮುದ್ದು’ವಿಗೆ ಸಂಸ್ಕೃತದ ‘ಮೃಗಾಲಯ’ ಕೂಡಿಸಿದರೆ ಅರಿಸಮಾಸ. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಬೇಡ ಎಂದಿದ್ದಾನೆ.

ಉತ್ತರ (ಬೆಂಗಳೂರು, ಜಯನಗರ)

ಕೇಶಿರಾಜನನ್ನು ಎಲ್ಲದಕ್ಕೂ ಎಬ್ಬಿಸಬೇಡಿ ಸಾರ್. ದಿನಗೂಲಿ, ಚಕ್ರಬಡ್ಡಿ ಎಲ್ಲ ಅರಿಸಮಾಸವೇ, ಕೂಲಿಯೂ ನಿಂತಿಲ್ಲ, ಬಡ್ಡಿಯೂ ನಿಂತಿಲ್ಲ. ತೊಂದರೆ ಇರೋದು ‘ಮೃಗ’ದಲ್ಲಿ. ಸಂಸ್ಕೃತದಲ್ಲಿ ಅದು ಜಿಂಕೆಯೂ ಹೌದು, ಯಾವ ಪ್ರಾಣಿಯೂ ಹೌದು. ಕನ್ನಡಕ್ಕೆ ಬಂದ ಮೇಲೆ ಅದಕ್ಕೆ ಹಲ್ಲು ಉಗುರು ಬೆಳೆದಿದೆ. ‘ಮೃಗದ ಥರ ಆಡಬೇಡ’ ಎಂದು ಬೈಯುವಾಗ ಯಾರೂ ಮೊಲವನ್ನು ನೆನೆಯುವುದಿಲ್ಲ. ಮೈಸೂರಿನದು 1892ರಲ್ಲಿ ಶುರುವಾದದ್ದು, ಅಲ್ಲಿ ಹುಲಿ ಸಿಂಹ ಇವೆ, ಮೃಗಾಲಯ ಎನ್ನಲಿ. ಇನ್ನೊಂದು ಮಾತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮೃಗಾಲಯ ನಡೆಸಲು ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಬೇಕು. ಮೇಕೆ ಮೊಲಕ್ಕೆ ಅದು ಅನ್ವಯಿಸುವುದಿಲ್ಲ, ಆದರೆ ಆ ಹೆಸರು ನೋಡಿ ಬರುವ ಅಧಿಕಾರಿಗೆ ಅದನ್ನು ವಿವರಿಸುತ್ತಾ ಕೂರೋರು ನಿಮ್ಮ ಮಾವ.

‘ಸಾಕುಪ್ರಾಣಿ ತಾಣ’ ಎನ್ನಿ. (ಮೈಸೂರಿನವರು ಬಾಯಿ ತೆರೆಯುವ ಮುಂಚೆ: ಸಾಕುಪ್ರಾಣಿ ಎಂದರೆ ಸಾಕಿದ ಪ್ರಾಣಿ, ಮೊದಲ ಪದ ಕ್ರಿಯೆಯಿಂದ ಬಂದದ್ದು, ಹಾಗಾಗಿ ಗಮಕ ಸಮಾಸ, ಅದಕ್ಕೆ ಅರಿಸಮಾಸದ ದೋಷವಿಲ್ಲ.)

ಉತ್ತರ (ಧಾರವಾಡ)

‘ಸಾಕುಪ್ರಾಣಿ’ಯಲ್ಲಿ ಮುಟ್ಟುವುದು ಎಲ್ಲಿ ಬಂತು? ಕೇಳಿದವರಿಗೆ ಬೇಕಾಗಿರುವುದೇ ಅದು. ಕನ್ನಡದಲ್ಲಿ ಇದಕ್ಕೆಂದೇ ಒಂದು ಧಾತು ಇದೆ, ‘ತಡವು’. ಮೈ ತಡವು ಸೇರಿ ಮೈದಡವು. ತಾಯಿ ಮಗುವಿನ ಮೈದಡವಿದಳು ಎನ್ನುವುದಿಲ್ಲವೇ? ಇಂಥ ಚೆಂದದ ಮಾತು ಇಟ್ಟುಕೊಂಡು ಊರೆಲ್ಲ ಸಾಲ ಕೇಳುತ್ತಾ ತಿರುಗುತ್ತೇವೆ. ‘ಮೈದಡವು ದೊಡ್ಡಿ’. ಎರಡೂ ಅಚ್ಚ ಕನ್ನಡ. ಬರೆಸಿ.

ಉತ್ತರ (ಜಯನಗರ)

ಬೆಂಗಳೂರಿನ ಕಡೆ ‘ಅವನನ್ನ ತಡವಿಕೊಂಡ್ರೆ ಗ್ರಹಚಾರ’ ಅಂತೀವಿ. ಆ ಬೋರ್ಡಿನ ಕೆಳಗೆ ಒಂದು ಹೋತ ನಿಲ್ಲಿಸಿದರೆ ಅರ್ಥ ಪೂರ್ತಿಯಾಗುತ್ತೆ.

ಉತ್ತರ (ರಾಮನಗರ)

ದೊಡ್ಡಿ ಬೇಡ. ನಮ್ಮ ಕಡೆ ಅರ್ಧಕ್ಕರ್ಧ ಊರಿನ ಹೆಸರು ದೊಡ್ಡಿಯಿಂದಲೇ ಮುಗಿಯುತ್ತೆ, ಬಸ್ ಇಳಿದವರು ಅದೂ ಒಂದು ಊರು ಅನ್ಕೋತಾರೆ. ಅದೂ ಅಲ್ಲದೆ ಬೀಡಾಡಿ ದನ ಹೊಲಕ್ಕೆ ನುಗ್ಗಿದಾಗ ಹಿಡಿದು ಕೂಡಿ ಹಾಕೋದು ದೊಡ್ಡಿಗೆ. ದಂಡ ಕಟ್ಟಿ ಬಿಡಿಸ್ಕೊಂಡು ಬರಬೇಕು. ಮಕ್ಕಳನ್ನ ಅಲ್ಲಿಗೆ ಕರೀತೀರಾ?

ಉತ್ತರ (ಮಂಗಳೂರು)

ಹಟ್ಟಿ ಎಂದರೆ ಆಗದೇ? ನಮ್ಮಲ್ಲಿ ದನ ಕಟ್ಟುವ ಜಾಗ ಹಟ್ಟಿಯೇ. ಅಂದ ಹಾಗೆ ಇಲ್ಲಿಯ ಪಿಲಿಕುಳ ಮೃಗಾಲಯದ ಹೆಸರು ನೋಡಿ. ತುಳುವಿನಲ್ಲಿ ಪಿಲಿ ಎಂದರೆ ಹುಲಿ. ಊರ ಹೆಸರನ್ನೇ ಇಟ್ಟುಕೊಂಡರು, ಯಾರೂ ಸಮಾಸ ಬಿಡಿಸಲಿಲ್ಲ.

ಉತ್ತರ (ರಾಮನಗರ)

ಚಿತ್ರದುರ್ಗದ ಕಡೆ ಹಟ್ಟಿ ಅಂದರೆ ಜನ ವಾಸ ಮಾಡೋ ಜಾಗ. ‘ಜಾನುವಾರು ಅಂಗಳ’ ಎಂದು ಬರೆಸಿ, ರೈತರಿಗೆಲ್ಲ ಗೊತ್ತಿರೋ ನಮ್ಮ ಮಾತು.

ಉತ್ತರ (ಮೈಸೂರು)

ಜಾನುವಾರು ಪಾರ್ಸಿ. ರಾಸು ಅಂತೀರೇನೋ, ಅದೂ ಅರಬ್ಬಿ.

ಉತ್ತರ (ಜಯನಗರ)

ಇದೇ ಕಾಯಿಲೆ. ಪಾರ್ಸಿ ಆದರೇನು? ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಇವನ್ನು ಕಟ್ಟಿದ ಜನ ನಿಮ್ಮ ಅಪ್ಪಣೆ ಕೇಳಿದ್ದರಾ? ಹೊರಗಿಂದ ಬಂದದ್ದಕ್ಕೆ ಮೊದಲಿಗೆ ಒಂದು ‘ಸೀಮೆ’ ಅಂಟಿಸಿ ಮನೆಯೊಳಗೆ ಕರೆದುಕೊಂಡರು. ಆ ಗಿನಿಹಂದಿಗೂ ಸೀಮೆಇಲಿ ಎಂದುಬಿಟ್ಟರೆ ಮುಗಿಯಿತು, ಹಂದಿ ಎಲ್ಲಿ ಎಂದು ಮಕ್ಕಳು ಹುಡುಕೋದು ತಪ್ಪುತ್ತೆ.

ಉತ್ತರ (ಮೈಸೂರು)

‘ಸೀಮೆ’ ಸಂಸ್ಕೃತ.

ಉತ್ತರ (ಧಾರವಾಡ)

ಮೈದಡವು ಪಕ್ಕಕ್ಕೆ ಹೋಯಿತಲ್ಲ. ಬೇಡವಾದರೆ ‘ಮುದ್ದಾಟದಂಗಳ’ ಎನ್ನಿ. ಮುದ್ದು ನಮ್ಮದೇ, ದ್ರಾವಿಡ.

ಉತ್ತರ (ಜಯನಗರ)

ತೆಲುಗಿನವರಿಗೆ ಮುದ್ದು ಎಂದರೆ ನೇರ ಮುತ್ತು. ನಮ್ಮವರೂ ಮುದ್ದಾಟದಂಗಳ ಎಂದು ಓದಿ ಮಕ್ಕಳನ್ನು ಮನೇಲಿ ಬಿಟ್ಟು ಬರ್ತಾರೆ.

ಕೇಳಿದವರಿಂದ

ಎಲ್ಲರಿಗೂ ಥ್ಯಾಂಕ್ಸ್. ಪೇಂಟರ್ ಹೇಳಿದ್ದಕ್ಕಿಂತ ಮೊದಲೇ ಬಂದು ಕೂತಿದ್ದ, ಅವನಿಗೆ ದಿನಗೂಲಿ, ಅದು ಅರಿಸಮಾಸವೋ ಏನೋ. ನಾನು ಫೋನಿನಲ್ಲಿ ನಿಮ್ಮ ಪತ್ರಗಳನ್ನು ಒಂದೊಂದೇ ಓದಿ ಹೇಳುತ್ತಿದ್ದೆ. ಮೈದಡವು ಕೇಳಿದಾಗ ಅತ್ತೆ, ಇದು ಚೆನ್ನಾಗಿದೆ ಆದ್ರೆ ಯಾರಿಗೆ ಗೊತ್ತಾಗುತ್ತೆ ಎಂದರು. ಆಮೇಲೆ ಅವರೇ ಪೇಂಟರಿಗೆ ಹೇಳಿ ಬರೆಸಿದ್ದು ಇಷ್ಟು: ‘ಮೇಕೆ, ಮೊಲ, ಬಾತುಕೋಳಿ ಮುಟ್ಟಬಹುದು. ಮುಟ್ಟಿದ ಮೇಲೆ ಕೈ ತೊಳೆಯಿರಿ.’ ಹೆಸರಿನ ಜಾಗದಲ್ಲಿ ಏನೂ ಇಲ್ಲ, ಒಂದು ಕುರಿಮರಿ ಚಿತ್ರ ಇದೆ.

ಉತ್ತರ (ಮೈಸೂರು)

ಬಾತು ಕನ್ನಡವಲ್ಲ. ಅರಬ್ಬಿಯ ‘ಬತ್’.

ಉತ್ತರ (ಮಂಗಳೂರು)

ಪೋರ್ಚುಗೀಸಿನ ‘ಪಾತೊ’ ಇರಬೇಕು ಮಾರಾಯರೆ.

ಉತ್ತರ (ಧಾರವಾಡ)

ಎರಡೂ ಬೇಡ, ಹಂಸ ಎನ್ನಿ. ಹಂಸ ಸಂಸ್ಕೃತ ಎನ್ನುತ್ತೀರಿ, ಗೊತ್ತು. ಅದಕ್ಕೆ ತದ್ಭವ ಇದೆಯಲ್ಲ, ಅಂಚೆ.

ಉತ್ತರ (ಜಯನಗರ)

‘ಮೇಕೆ, ಮೊಲ, ಅಂಚೆ ಮುಟ್ಟಬಹುದು.’ ಪೋಸ್ಟ್‌ಮ್ಯಾನ್‌ಗೆ ಮೊದಲೇ ತಿಳಿಸಿಬಿಡಿ.