ಪ್ರತಿ ವರ್ಷ ಅದೇ ಸಿನಿಮಾ, ಮನೆಯವರಿಗೆ ಬೇಜಾರು. ಏನು ಮಾಡಲಿ?

ಕ್ರಿಸ್‌ಮಸ್ ರಜೆ ಬಂತೆಂದರೆ ನಮ್ಮ ಮನೆಯಲ್ಲಿ ‘ಹೋಮ್ ಅಲೋನ್’ ಹಾಕಲೇಬೇಕು. ಅದೇ, ವಿಮಾನ ಹತ್ತಿ ರಜೆಗೆ ಹೊರಟ ಮನೆಯವರು ಮರೆತು ಬಿಟ್ಟುಹೋದ ಪುಟ್ಟ ಹುಡುಗ ಕೆವಿನ್ ಒಬ್ಬನೇ ಕಳ್ಳರನ್ನು ಎದುರಿಸುವ ಸಿನಿಮಾ. ಒಂಬತ್ತು ವರ್ಷದಿಂದ ತಪ್ಪಿಲ್ಲ. ಹೋದ ಸಲ ಮಗಳು ಅರ್ಧಕ್ಕೇ ಫೋನ್ ಹಿಡಿದು ಕೂತಳು. ನಮ್ಮ ಯಜಮಾನರು ಪ್ರತಿ ಡೈಲಾಗನ್ನೂ ಮೊದಲೇ ಹೇಳಿ ತಲೆ ತಿಂದರು. ಈ ವರ್ಷ ಬಿಟ್ಟುಬಿಡಲಾ? ನಿಮ್ಮ ಅನುಭವ ಹೇಳಿ.

*

ಬಿಡಬೇಡಿ. ನಮ್ಮಲ್ಲೂ ಇದೇ ಸಿನಿಮಾ, ಇದೇ ಗೋಳು. ಈಗ ಸಲಕ್ಕೊಂದು ಪಾತ್ರ ಆರಿಸಿಕೊಂಡು ಅದನ್ನಷ್ಟೇ ಗಮನಿಸುತ್ತೇವೆ. ಒಂದು ವರ್ಷ ಕೆವಿನ್‌ನ ಅಪ್ಪನ ಸರದಿ. ಪಿಜ್ಜಾ ಗಲಾಟೆಯಲ್ಲಿ ಹಾಲು ಚೆಲ್ಲುತ್ತದಲ್ಲ, ಅಪ್ಪ ಅದನ್ನು ಒರೆಸಿ ಒದ್ದೆ ಪೇಪರೆಲ್ಲ ಬಾಚಿ ಕಸಕ್ಕೆ ಹಾಕುತ್ತಾನೆ. ಅದರ ಜೊತೆ ಕೆವಿನ್‌ನ ಟಿಕೆಟ್ಟೂ ಹೋಗುತ್ತದೆ! ಬೆಳಿಗ್ಗೆ ತಲೆ ಎಣಿಸುವಾಗ ನೆರೆಮನೆ ಹುಡುಗ ಲೆಕ್ಕಕ್ಕೆ ಸೇರಿಕೊಳ್ಳುವುದು ಎಲ್ಲರಿಗೂ ಗೊತ್ತು. ಆದರೆ ಏರ್‌ಪೋರ್ಟಿನಲ್ಲಿ ಒಂದು ಟಿಕೆಟ್ ಯಾಕೆ ಉಳಿಯಲಿಲ್ಲ ಅಂತ ನನಗೆ ಹೊಳೆದದ್ದು ಏಳನೇ ಸಲಕ್ಕೆ. ಪಾಪ, ಅಪ್ಪನಿಗೆ ಕೊನೆವರೆಗೂ ಗೊತ್ತಾಗುವುದೇ ಇಲ್ಲ.

*

ಡೈಲಾಗ್ ಹೇಳುವವರನ್ನು ತಡೆಯಲು ಹೋಗಬೇಡಿ, ಆಗಲ್ಲ. ನಮ್ಮ ಅಣ್ಣನಿಗೆ ಕೆವಿನ್ ಟಿವಿಯಲ್ಲಿ ನೋಡುವ ಕಪ್ಪು-ಬಿಳುಪು ಗ್ಯಾಂಗ್‌ಸ್ಟರ್ ಸಿನಿಮಾದ ಮಾತನ್ನು ಪೂರ್ತಿ ವಹಿಸಿಬಿಟ್ಟಿದ್ದೇವೆ. ಬೇರೆ ಕಡೆ ಬಾಯಿ ತೆರೆಯುವಂತಿಲ್ಲ. ಅಂದಹಾಗೆ ಅದು ಯಾವುದೋ ಹಳೇ ಸಿನಿಮಾ ಅಂದುಕೊಂಡು ಸುಮ್ನೆ ಹುಡುಕುತ್ತಾ ಇದ್ದೆ. ಅದನ್ನು ಈ ಚಿತ್ರಕ್ಕೆಂದೇ ತೆಗೆದದ್ದಂತೆ. ಕಳ್ಳನ ಮುಖದ ಮೇಲೆ ಹರಿದಾಡುವ ಆ ದೊಡ್ಡ ಜೇಡ ಮಾತ್ರ ನಿಜವಾದದ್ದೇ.

*

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಮಕ್ಕಳನ್ನು ಎಳೆದು ಕೂರಿಸಿದ್ದಕ್ಕೇ ನಮ್ಮ ಮನೆಯಲ್ಲಿ ಜಗಳವಾಗಿತ್ತು. ಎರಡು ವರ್ಷ ಆ ಸಿನಿಮಾದ ಹೆಸರೇ ಎತ್ತಲಿಲ್ಲ. ಮೂರನೇ ವರ್ಷ ನಾನೊಬ್ಬಳೇ ಹಾಕಿಕೊಂಡು ಕೂತೆ. ಕಳ್ಳರು ಮೆಟ್ಟಿಲ ಮೇಲೆ ಜಾರಿ ಬೀಳುವ ಹೊತ್ತಿಗೆ ಇಬ್ಬರೂ ಸೋಫಾದ ಮೇಲಿದ್ದರು. ಯಾರೂ ಕರೆದಿರಲಿಲ್ಲ.

1990ರಲ್ಲಿ ಬಂದ ಸಿನಿಮಾ. ಚಿಕ್ಕವಳಿದ್ದಾಗ ಆ ಕೊನೆಯ ಹೊಡೆದಾಟಕ್ಕೇ ಕಾಯುತ್ತಿದ್ದೆ. ಈಗ ಮಗನ ಹತ್ತಿರ ಹೋಗಲು ಬ್ಯಾಂಡಿನವರ ವ್ಯಾನ್ ಹತ್ತುವ ಆ ಅಮ್ಮನ ಸೀನಿನಲ್ಲಿ ಎದ್ದು ಹೋಗಲು ಆಗುವುದಿಲ್ಲ.

*

ಪ್ರಶ್ನೆ ಕೇಳಿದವಳು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಟಿಕೆಟ್ ವಿಷಯ ಮಗಳಿಗೆ ಹೇಳಿದೆ. ‘ಸುಳ್ಳು’ ಅಂದಳು. ಆ ಸೀನ್ ಹಾಕಿ ತೋರಿಸು ಅಂತ ಪಟ್ಟು ಹಿಡಿದು ಕೂತಿದ್ದಾಳೆ. ಇನ್ನೂ ಡಿಸೆಂಬರ್ ಬಂದಿಲ್ಲ ಕಣ್ರೀ!