ಸೂಪರ್‌ಹೀರೋ ಕಾಮಿಕ್ಸ್‌ಗಳನ್ನು ನ್ಯಾಯವಾಗಿ, ಕಡಿಮೆ ಖರ್ಚಿನಲ್ಲಿ ಓದುವ ದಾರಿ ಯಾವುದು?

ಪ್ರಶ್ನೆ – ಸೋಮವಾರಪೇಟೆಯಿಂದ

ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳಿಗೆ ಸ್ಪೈಡರ್‌ಮ್ಯಾನ್ ಹಾಗೂ ಬ್ಯಾಟ್‌ಮ್ಯಾನ್ ಕಥೆಗಳನ್ನು ಮೂಲ ಕಾಮಿಕ್ಸ್‌ನಲ್ಲೇ ಓದುವ ಆಸೆ. ಮುದ್ರಿತ ಸಂಪುಟಗಳನ್ನು ಒಂದೊಂದಾಗಿ ತರಿಸುವುದು ನಮ್ಮ ಕೈಗೆಟಕುವುದಿಲ್ಲ. ಕದ್ದು ಸ್ಕ್ಯಾನ್ ಮಾಡಿದ ಪುಟಗಳ ಜಾಲತಾಣಗಳನ್ನು ಅವಳಿಗೆ ತೋರಿಸಲು ನನಗೆ ಮನಸ್ಸಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ನಮ್ಮ ಊರಿಗೆ ಯಾವ ವ್ಯವಸ್ಥೆ ಹೊಂದುತ್ತದೆ?

ಉತ್ತರ – ಮಡಿಕೇರಿಯಿಂದ

ಸ್ಪೈಡರ್‌ಮ್ಯಾನ್ ಮಾರ್ವೆಲ್ ಪ್ರಕಾಶನದವನು, ಬ್ಯಾಟ್‌ಮ್ಯಾನ್ ಡಿಸಿ ಎಂಬ ಇನ್ನೊಂದು ಪ್ರಕಾಶನದವನು. ಆದ್ದರಿಂದ ಒಂದೇ ಚಂದಾದಲ್ಲಿ ಇಬ್ಬರೂ ಸಿಗುವುದಿಲ್ಲ. ಮೊದಲು ಮಾರ್ವೆಲ್ ಅನ್‌ಲಿಮಿಟೆಡ್ ಎಂಬ, ಚಂದಾ ಕಟ್ಟಿ ಓದುವ ಆ್ಯಪ್ ನೋಡಿ. 2007ರಲ್ಲಿ ಆರಂಭವಾದ ಈ ಸೇವೆಯಲ್ಲಿ 30,000ಕ್ಕೂ ಹೆಚ್ಚು ಸಂಚಿಕೆಗಳಿದ್ದು, 1962ರಲ್ಲಿ ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಕಥೆಯಿಂದಲೇ ಓದಲು ತೊಡಗಬಹುದು. ಮುದ್ರಣವಾಗಿ ಸುಮಾರು ಮೂರು ತಿಂಗಳ ನಂತರವೇ ಹೊಸ ಸಂಚಿಕೆಗಳು ಅಲ್ಲಿಗೆ ಬರುತ್ತವೆ. ಹಳೆಯ ಕಥೆಗಳನ್ನೇ ಇನ್ನೂ ಓದಿರದ ಹುಡುಗಿಗೆ ಅದೊಂದು ಕೊರತೆಯೇ ಅಲ್ಲ. ನಿಮಗೆ ಮುಖ್ಯವಾದದ್ದು ಡೌನ್‌ಲೋಡ್ ಸೌಲಭ್ಯ: ನೆಟ್‌ವರ್ಕ್ ಚೆನ್ನಾಗಿರುವ ದಿನ ಸಂಚಿಕೆಗಳನ್ನು ಇಳಿಸಿಟ್ಟುಕೊಂಡರೆ, ಜುಲೈ ತಿಂಗಳ ಜಡಿಮಳೆಯಲ್ಲಿ ಶಾಲೆಗೆ ರಜೆ ಕೊಟ್ಟಾಗಲೂ ಓದು ನಿಲ್ಲುವುದಿಲ್ಲ. ವರ್ಷದ ಚಂದಾ ಲೆಕ್ಕಕ್ಕೆ ಅಗ್ಗವೆನಿಸಿದರೂ, ಪರೀಕ್ಷೆಗಳ ನಡುವೆ ಓದದೇ ಉಳಿಯುವ ತಿಂಗಳುಗಳಿಗೆ ಹಣ ತೆರುವುದಕ್ಕಿಂತ ರಜೆಯಲ್ಲಿ ಒಂದೆರಡು ತಿಂಗಳಿಗಷ್ಟೇ ಚಂದಾ ಕಟ್ಟಿ, ತಾನಾಗಿ ನವೀಕರಣವಾಗುವುದನ್ನು ರದ್ದುಪಡಿಸುವುದೇ ಲೇಸು.

ಉತ್ತರ – ಗೋಣಿಕೊಪ್ಪಲಿನಿಂದ

ಬ್ಯಾಟ್‌ಮ್ಯಾನ್‌ಗೆ ಅಮೆಜಾನ್‌ನ ಇ-ಪುಸ್ತಕ ಆ್ಯಪ್ ಕಿಂಡಲ್ ಸಾಕು. ಹಿಂದೆ ಕಾಮಿಕ್ಸಾಲಜಿ ಎಂಬ ಆ್ಯಪ್‌ನಲ್ಲಿದ್ದ ಡಿಜಿಟಲ್ ಕಾಮಿಕ್ಸ್ ಓದುವ ವ್ಯವಸ್ಥೆ 2023ರ ಡಿಸೆಂಬರ್‌ನಲ್ಲಿ ಕಿಂಡಲ್ ಆ್ಯಪ್‌ನೊಳಗೆ ಸೇರಿಹೋಯಿತು. ಬಿಡಿ ಸಂಚಿಕೆಗಳ ಬದಲು, ಒಂದು ಪೂರ್ಣ ಕಥೆಯುಳ್ಳ ಸಂಪುಟವನ್ನು ರಿಯಾಯಿತಿಯ ಸಮಯದಲ್ಲಿ ಕೊಳ್ಳಿ. ಕೊಳ್ಳುವ ಮುನ್ನ ಉಚಿತ ಮಾದರಿ ಪುಟಗಳನ್ನು ಅವಳ ಫೋನಿನಲ್ಲೇ ತೆರೆದು, ಮಾತುಗುಳ್ಳೆಗಳ ಅಕ್ಷರ ಓದಲು ಬರುತ್ತದೆಯೇ ಎಂದು ನೋಡಿ.

ಉತ್ತರ – ವಿರಾಜಪೇಟೆಯಿಂದ

ಹಣವೇ ಬೇಡದ ದಾರಿಯೂ ಇದೆ. ಅಮೆರಿಕದ ಅಂದಿನ ಕಾನೂನಿನಂತೆ 28 ವರ್ಷಗಳ ನಂತರ ಕೃತಿಸ್ವಾಮ್ಯದ ಹಕ್ಕನ್ನು ನವೀಕರಿಸದಿದ್ದರೆ ಕೃತಿ ಯಾರು ಬೇಕಾದರೂ ಬಳಸಬಹುದಾದ ಸಾರ್ವಜನಿಕ ಸ್ವತ್ತಾಗುತ್ತಿತ್ತು. ಹಾಗೆ ಮುಕ್ತವಾದ 1940ರ ದಶಕದ ಕಾಮಿಕ್ಸ್‌ಗಳನ್ನು ಡಿಜಿಟಲ್ ಕಾಮಿಕ್ ಮ್ಯೂಸಿಯಂ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಅಲ್ಲಿ ಬ್ಯಾಟ್‌ಮ್ಯಾನ್ ಸಿಗುವುದಿಲ್ಲ, ಆದರೆ ಅವನ ಕಾಲದ ಮರೆತುಹೋದ ವೀರರು ಬಹಳ ಮಂದಿ ಸಿಗುತ್ತಾರೆ. ಯುದ್ಧಕಾಲದ ಆ ಕಥೆಗಳಲ್ಲಿ ಜಪಾನೀಯರನ್ನೂ ಕಪ್ಪುವರ್ಣೀಯರನ್ನೂ ಹೀನಾಯವಾಗಿ ಚಿತ್ರಿಸಿದ ಪುಟಗಳಿವೆ. ಮಗಳ ಕೈಗೆ ಕೊಡುವ ಮೊದಲು ನೀವೇ ಒಮ್ಮೆ ಓದಿ, ಅಂಥ ಪುಟಗಳ ಬಗ್ಗೆ ಅವಳೊಡನೆ ಮಾತನಾಡಿ.