ಬೇಸಿಗೆಯ ಕೊನೆ: ಸೊಪ್ಪಿಗೆ, ಮನೆಯೊಳಗಿನ ಗಿಡಕ್ಕೆ ಯಾವ ಪಕ್ಷದಲ್ಲಿ ಯಾವ ಕೆಲಸ?

ಪ್ರಶ್ನೆ: ಶುಕ್ಲ ಪಕ್ಷದಲ್ಲಿ ಸೊಪ್ಪು ಬಿತ್ತಬೇಕು, ಕೃಷ್ಣ ಪಕ್ಷದಲ್ಲಿ ಕುಂಡ ಬದಲಿಸಿ ಕತ್ತರಿ ಆಡಿಸಬೇಕು ಅಂತಾರೆ. ಅಮಾವಾಸ್ಯೆ ಕಳೆದ ಮೇಲೇ ಬಿತ್ತಿದರೂ ಲೆಟಿಸ್, ಪಾಲಕ್ ಮೊಳೆಯುತ್ತಿಲ್ಲ. ಮನಿ ಪ್ಲಾಂಟಿನ ಬೇರು ಕುಂಡದ ತೂತಿನಿಂದ ಹೊರಗೆ ಬಂದಿದೆ. ಕೃಷ್ಣ ಪಕ್ಷದವರೆಗೆ ಕಾಯಬೇಕಾ?

ಉತ್ತರ 1: ಮೊಳೆಯದಿರುವುದಕ್ಕೆ ಕಾರಣ ಮಣ್ಣಿನ ಬಿಸಿ. ಮಣ್ಣು ಸುಮಾರು 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೆಟಿಸ್‌ನ ಹಲವು ತಳಿಗಳು ಮೊಳೆಯದೆ ಸುಮ್ಮನಿರುತ್ತವೆ, ಪಾಲಕ್ ಕೂಡ ಹಿಂಜರಿಯುತ್ತದೆ. ಪಾಲಕ್ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದೆರಡು ದಿನ ಫ್ರಿಜ್‌ನಲ್ಲಿಟ್ಟು, ಇಳಿಹೊತ್ತಿನಲ್ಲಿ ಬಿತ್ತಿ. ಲೆಟಿಸ್‌ನ ಎಷ್ಟೋ ತಳಿಗೆ ಮೊಳೆಯಲು ಬೆಳಕೂ ಬೇಕು, ಅರ್ಧ ಸೆಂ.ಮೀ.ಗಿಂತ ಆಳ ಬೇಡ. ಪಾಲಕ್‌ಗೆ ಒಂದರಿಂದ ಒಂದೂವರೆ ಸೆಂ.ಮೀ. ಮೊಳಕೆ ಕಾಣುವವರೆಗೆ ಮಡಿಯ ಮೇಲೆ ಅರ್ಧ ಬಿಸಿಲು ತಡೆಯುವ (50%) ಶೇಡ್ ನೆಟ್ ಕಟ್ಟಿ. ಮೇಲ್ಮಣ್ಣು ಒಂದು ಸಲ ಒಣಗಿದರೂ ಉಬ್ಬಿದ ಬೀಜ ಸಾಯಬಹುದು. ಬಿಸಿಲು ಇಳಿಯುವವರೆಗೆ ಜಾಗ ಖಾಲಿ ಬಿಡಲು ಮನಸ್ಸಿಲ್ಲದಿದ್ದರೆ ದಂಟು, ಹರಿವೆ ಹಾಕಿ, ಅವಕ್ಕೆ ಸೆಕೆ ಇಷ್ಟ.

ಉತ್ತರ 2: ಕುಂಡಕ್ಕೆ ಪಕ್ಷ ನೋಡುತ್ತ ಕೂರಬೇಡಿ. ಈಗಿನದಕ್ಕಿಂತ 3–5 ಸೆಂ.ಮೀ. ಅಗಲದ್ದು ಸಾಕು, ತೀರಾ ದೊಡ್ಡದಾದರೆ ಬೇರು ಮುಟ್ಟದ ಮಣ್ಣು ಒದ್ದೆಯಾಗೇ ಉಳಿದು ಬೇರು ಕೊಳೆಯುತ್ತದೆ. ಹಿಂದಿನ ದಿನ ನೀರು ಕೊಟ್ಟು, ಸುತ್ತಿಕೊಂಡ ಬೇರನ್ನು ಬೆರಳಲ್ಲಿ ಬಿಡಿಸಿ ನೆಡಿ. ನಾಲ್ಕು ವಾರ ಗೊಬ್ಬರ ಬೇಡ. ಎಲೆಯ ಅಡಿಯನ್ನೂ ನೋಡಿ: ಒಣ ಸೆಕೆಯಲ್ಲಿ ಕೆಂಪು ನುಸಿ ಹೆಚ್ಚು. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಸೋಪು ಸೇರಿಸಿ ಸಂಜೆ ಸಿಂಪಡಿಸಿ. ಮೊಟ್ಟೆಗಳು ಉಳಿದುಬಿಡುವುದರಿಂದ 5–7 ದಿನಕ್ಕೊಮ್ಮೆ ಮೂರು ಸಲ ಬೇಕು.

ಉತ್ತರ 3: ಚಂದ್ರನ ಸೆಳೆತ ಮಣ್ಣಿನ ನೀರನ್ನು ಮೇಲೆತ್ತುತ್ತದೆ ಅನ್ನುವವರು ಒಂದು ಗಮನಿಸಲಿ: ಕಡಲಿನ ದೊಡ್ಡ ಉಬ್ಬರ ಹುಣ್ಣಿಮೆಗೂ ಬರುತ್ತದೆ, ಅಮಾವಾಸ್ಯೆಗೂ ಬರುತ್ತದೆ. ಸೆಳೆತವೇ ಕಾರಣವಾದರೆ ಪಕ್ಷಕ್ಕೊಂದು ಕೆಲಸ ಏಕೆ? ಬೆಳದಿಂಗಳೇ ಕಾರಣ ಅನ್ನೋಣವೆಂದರೆ, ಅದು ಹೆಚ್ಚೆಂದರೆ 0.3 ಲಕ್ಸ್ (ಬೆಳಕಿನ ಅಳತೆ), ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಆದರೂ ಪಕ್ಷದ ಲೆಕ್ಕ ಬಿಸಾಡಬೇಡಿ. ಅಮಾವಾಸ್ಯೆ, ಹುಣ್ಣಿಮೆ ಎರಡಕ್ಕೂ ಒಂದೊಂದು ಹಿಡಿ ಕೊತ್ತಂಬರಿ, ಮೆಂತ್ಯ ಬಿತ್ತಿದರೆ ಹದಿನೈದು ದಿನಕ್ಕೊಂದು ಕೊಯ್ಲು ತಾನಾಗಿ ಸಿಗುತ್ತದೆ. ಕೊತ್ತಂಬರಿ ಕಾಳನ್ನು ಎರಡಾಗಿ ಒಡೆದು ರಾತ್ರಿ ನೆನೆಸಿ. ಹೂದಂಟು ಎದ್ದ ಗಿಡದ ಎಲೆ ಒರಟಾಗುತ್ತದೆ, ಅದನ್ನು ಬೀಜಕ್ಕೇ ಬಿಡಿ.

ಉತ್ತರ 4: ಫ್ರಿಜ್ ಅಂದರೆ ಫ್ರೀಜರ್ ಅಲ್ಲ. ನೆನೆದ ಬೀಜ ಅಲ್ಲಿ ಹೆಪ್ಪುಗಟ್ಟಿ ಸಾಯುತ್ತದೆ.